ಲಾರಿಯ ಮೇಲೊಂದು ಕಾಡು

ಮಲ್ಲಿಕಾರ್ಜುನಸ್ವಾಮಿಯ ಲಾರಿಗೆ ಬ್ರೇಕು ಸರಿಯಿತ್ತು, ಹಾರ್ನ್ ಸರಿಯಿತ್ತು, ದೀಪಗಳೂ ಉರಿಯುತ್ತಿದ್ದವು. ಸರಿಯಿಲ್ಲದ್ದು ಬಣ್ಣ ಒಂದೇ. ಸೈನ್ಯದಿಂದ ನಿವೃತ್ತಿಯಾದ ಆ ಲಾರಿಯನ್ನು ಹರಾಜಿನಲ್ಲಿ ಹಿಡಿದು, ಹಂಗಳದ ತನ್ನ ಮನೆಮುಂದೆ ತಂದು ನಿಲ್ಲಿಸಿ, ಮೆಕ್ಯಾನಿಕ್ ರಾಜಣ್ಣನ ಕೈಯಲ್ಲಿ ಎರಡು ತಿಂಗಳು ಬಿಚ್ಚಿಸಿ ಕಟ್ಟಿಸಿದ್ದ. ತಿಂಗಳಿಗೊಮ್ಮೆ ಗುಂಡ್ಲುಪೇಟೆಗೆ ಬಂದು ಗಾಡಿ ಪಾಸು ಮಾಡುವ ಇನ್ಸ್‌ಪೆಕ್ಟರು ಹೋದ ಸಲ ಎಲ್ಲವನ್ನೂ ನೋಡಿ, ಕಾಗದದಲ್ಲಿ ಒಂದೇ ಸಾಲು ಬರೆದಿದ್ದರು: ‘ಮಿಲಿಟರಿ ಬಣ್ಣ ಹೋಗಬೇಕು.’ ಸೈನ್ಯದ ಬಣ್ಣ ಸೈನ್ಯಕ್ಕೆ ಮಾತ್ರ, ಸ್ವಾಮಿಯಂಥ ಸೊಸೈಟಿ ಗುಮಾಸ್ತನ ಗಾಡಿಗೆ ಅದು ಸಲ್ಲದು.

ಬಣ್ಣ ಬದಲಿಸಲು ಒಂದು ತಿಂಗಳಿತ್ತು. ಆ ತಿಂಗಳು ಪೂರ್ತಿ ಮನೆಯಲ್ಲಿ ಯಾವ ಬಣ್ಣ ಎಂಬ ಚರ್ಚೆ ನಡೆಯಿತು. ಹೆಂಡತಿ ಭಾಗ್ಯ ಗುಲಾಬಿ ಎಂದಳು. ತಾಯಿ ಗುರುಮಲ್ಲಮ್ಮ ಅರಿಶಿನ ಎಂದರು. ಯಾರ ಮಾತನ್ನೂ ತೆಗೆದುಹಾಕಲಾರದ ಸ್ವಾಮಿ ಎಲ್ಲದಕ್ಕೂ ಹೂಂ ಎಂದ. ಹೀಗೆ ಸರ್ವಸಮ್ಮತಿಯಿಂದ ಏನೂ ಆಗದೆ, ಇನ್ಸ್‌ಪೆಕ್ಟರು ಬರುವ ದಿನವೇ ಬಂದುಬಿಟ್ಟಿತು.

ಇನ್ನೊಂದು ತಿಂಗಳು ಕಾಯುವಂತಿರಲಿಲ್ಲ. ಮಾರನೆಯ ದಿನವೇ ನಾದಿನಿ ರಮ್ಯಳ ಮದುವೆ. ತೆರಕಣಾಂಬಿಯಿಂದ ಹೆಣ್ಣಿನ ಕಡೆಯವರನ್ನೆಲ್ಲ ಚಾಮರಾಜನಗರದ ಛತ್ರಕ್ಕೆ ಸ್ವಂತ ಲಾರಿಯಲ್ಲೇ ಕರೆದೊಯ್ಯುತ್ತೇನೆ ಎಂದು ಸ್ವಾಮಿ ಮಾವ ಚಿಕ್ಕಬಸವಯ್ಯನವರಿಗೆ ಮಾತು ಕೊಟ್ಟಿದ್ದ. ಹತ್ತು ವರ್ಷದಿಂದ ಈ ಮಾವ ಪ್ರತಿ ಹಬ್ಬದಲ್ಲೂ ನೆಂಟರೆಲ್ಲರ ಎದುರಿಗೆ, “ಅಳಿಯಂದಿರಿಗೆ ಬಸ್ಸಲ್ಲಿ ಸೀಟ್ ಸಿಕ್ತಾ, ನಿಂತ್ಕಂಡೇ ಬಂದ್ರಾ?” ಎಂದು ಅಕ್ಕರೆಯಿಂದ ವಿಚಾರಿಸುತ್ತ ಬಂದಿದ್ದರು. ಒಂದೇ ಒಂದು ಸಲ ಸ್ವಂತ ಗಾಡಿಯ ಮುಂದಿನ ಸೀಟಿನಿಂದ ಆ ಅಂಗಳಕ್ಕೆ ಇಳಿಯಬೇಕು. ಸ್ವಾಮಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಇಷ್ಟೇ. ಲಾರಿ ಕೊಂಡದ್ದು ಇದಕ್ಕೇ ಎಂದು ಅವನು ಯಾರಿಗೂ ಹೇಳಿರಲಿಲ್ಲ, ಊರಿಗೆಲ್ಲ ಗೊತ್ತಿತ್ತು.

ಗುಂಡ್ಲುಪೇಟೆಯ ಪೇಂಟರು ಕೇರಳದ ಕಡೆ ಕೆಲಸಕ್ಕೆ ಹೋಗಿದ್ದ. ರಾಜಣ್ಣ ಬೆಳಗ್ಗೆ ಆರು ಗಂಟೆಗೇ ಹೋಗಿ ಭೀಮನಬೀಡಿನ ಪುಟ್ಟಮಾದಯ್ಯನನ್ನು ಡಬ್ಬಿಗಳ ಸಮೇತ ಕರೆತಂದ. ಈತ ನಾಟಕದ ಪರದೆ ಬರೆಯುವವನು. ಸುತ್ತಲ ಊರುಗಳ ನಾಟಕಗಳಲ್ಲಿ ರಾಜರು ಕೂರುವ ಅರಮನೆ, ನಡೆಯುವ ಬೀದಿ, ಸೇರುವ ಕಾಡು ಎಲ್ಲ ಇವನ ಕೈಯವೇ.

“ನೀಲಿ ಬಳಿದ್ಬುಡಣ್ಣ, ಒಂದೇ ಬಣ್ಣ ಸಾಕು” ಎಂದ ಸ್ವಾಮಿ.

ಪುಟ್ಟಮಾದಯ್ಯ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಲಾರಿಗೆ ಒಂದು ಸುತ್ತು ಬಂದ. “ಒಂದೇ ಬಣ್ಣ ಬಳಿಯಕೆ ನಾನೇನ್ ಸುಣ್ಣ ಬಳಿಯೋನಾ ಸ್ವಾಮಣ್ಣ? ನನ್ತಾವ ಮೂರ್ ಸೀನವೆ. ಯಾವ್ದು ಬೇಕೋ ಯೋಳು.”

“ಅರಮನೆ ಮಾಡ್ತೀಯಾ?”

“ಅದಕ್ಕೆ ನಾಕ್ ದಿನ ಬೇಕು. ಕಂಬಗಳೇ ಹದ್ನಾರವೆ.”

“ಬೀದಿ?”

“ಮೂರ್ ದಿನ. ಕಾಡಾದ್ರೆ ಮದ್ಯಾನಕ್ಕೆ ಮುಗಿಸ್ಕೊಡ್ತೀನಿ. ಹಸಿರು ಎಂಗೂ ಮಿಲಿಟ್ರಿಯವ್ರೇ ಬಳ್ದವ್ರೆ.”

“ಆ ಹಸಿರೇ ಹೋಗ್ಬೇಕು ಅಂತ ಸಾಹೇಬ್ರು ಬರ್ದವ್ರೆ ಕಣಣ್ಣ.”

“ಓಯ್ತದೆ ಬುಡು. ಆನೆ, ಹುಲಿ, ಜಿಂಕೆ ಬಂದು ನಿಂತ್ಕಂಡ್ಮೇಲೆ ಹಿಂದಿರೋ ಹಸಿರ ಯಾರ್ ನೋಡಾರು?”

ವಾದದಲ್ಲಿ ಗೆದ್ದು ಸ್ವಾಮಿಗೆ ಅಭ್ಯಾಸವಿರಲಿಲ್ಲ. ಹನ್ನೊಂದರ ಹೊತ್ತಿಗೆ ಲಾರಿಯ ಎಡಗಡೆ ಹುಲಿ, ಬಲಗಡೆ ಆನೆ, ಹಿಂದಿನ ಹಲಗೆಯ ಮೇಲೆ ಹೊನ್ನಿನ ಬಣ್ಣದ ಜಿಂಕೆ ಬಂದು ನಿಂತವು. ನಿಜಕ್ಕೂ ಚೆನ್ನಾಗಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಸ್ವಾಮಿ ಬಚಾವಾಗುತ್ತಿದ್ದ. ಆದರೆ ಚೆನ್ನಾಗಿರುವುದನ್ನು ನೋಡಿ ಸುಮ್ಮನೆ ಹೋಗುವವರು ಅವನ ಬೀದಿಯಲ್ಲಿ ಯಾರೂ ಇರಲಿಲ್ಲ.

ಮೊದಲು ಹೊರಗೆ ಬಂದದ್ದು ತಾಯಿ ಗುರುಮಲ್ಲಮ್ಮ. “ಹುಲಿ ಬರ್ಸಿದ್ದೀಯಲ್ಲಪ್ಪ. ಕಾಡಂಚಲ್ಲಿ ಮನೆ ಕಟ್ಕಂಡು ಬಾಗ್ಲಲ್ಲಿ ಹುಲಿ ನಿಲ್ಸುದ್ರೆ, ಇದ ನೋಡ್ಕಂಡು ನಿಜ್ವಾದ್ದೂ ಬತ್ತದೆ. ಕೊಟ್ಟಿಗೇಲಿ ಹಸ ಕಟ್ಟಿವ್ನಿ. ನಾನ್ ಸತ್ಮೇಲೆ ಬರ್ಸ್ಕೊ ಓಗು.”

ತಾಯಿ ಸಾಯುವವರೆಗೆ ಕಾಯಲು ಸಮಯವಿರಲಿಲ್ಲ. ಪುಟ್ಟಮಾದಯ್ಯ ನಿಟ್ಟುಸಿರು ಬಿಟ್ಟು ಹುಲಿಯ ಮೇಲೆ ಕಂದು ಬಣ್ಣ ಎಳೆದು ಬಂಡೆ ಮಾಡಿದ. “ಹುಲಿ ಬಂಡೆ ಹಿಂದ್ಕೆ ಓಯ್ತು ಅಂದ್ಕೊ” ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆಮೇಲೆ ಎದುರು ಮನೆಯ ಕರಿಯಮ್ಮ ಪೊರಕೆ ಹಿಡಿದೇ ಬಂದಳು. “ಮೂರ್ ಸಲ ನನ್ ರಾಗಿ ಹೊಲ ತುಳಿದದೆ ಕಣಪ್ಪ ಆನೆ. ಬೆಳಗೆದ್ದು ಬಾಗ್ಲು ಗುಡಿಸಕ್ ಬಂದ್ರೆ ಅದರ ಮೊಕವೇ ನೋಡ್ಬೇಕಾ ನಾನು? ಅದೂ ನಗ್ತಾ ನಿಂತದೆ.”

ಆನೆ ನಗುತ್ತಿದ್ದುದು ನಿಜ. ಅದರ ಮೇಲೆ ಕಪ್ಪು ಬಿತ್ತು. ಈಗ ಅದು ಮರದ ನೆರಳು. ಪೊರಕೆ ಮನೆಯೊಳಕ್ಕೆ ಹೋದ ಮೇಲೆಯೇ ಸ್ವಾಮಿ ಉಸಿರಾಡಿದ್ದು.

ಉಳಿದದ್ದು ಜಿಂಕೆ. ಅದರಲ್ಲಿ ಯಾರಿಗೇನು ತಕರಾರಿದ್ದೀತು ಎಂದು ಸ್ವಾಮಿ ಊಟಕ್ಕೆ ಕೂತ. ಅನ್ನ ಬಡಿಸುತ್ತಿದ್ದ ಭಾಗ್ಯ ಕಿಟಕಿಯಿಂದ ಹೊರಗೆ ನೋಡಿದವಳು ಸೌಟು ಹಿಡಿದೇ ನಿಂತಳು.

“ಚಿನ್ನದ ಜಿಂಕೆ ಬೇಕು ಅಂದೇ ಅಲ್ವಾ ಸೀತಮ್ಮ ಅಷ್ಟು ಪಾಡು ಪಟ್ಟಿದ್ದು? ನಾಳೆ ನನ್ತಂಗಿ ಅದೇ ಗಾಡೀಲಿ ಹಸೆಮಣೆಗೆ ಹೋಯ್ತಾಳೆ. ಅಷ್ಟೂ ತಿಳಿಯಕಿಲ್ವಾ ನಿಮ್ಗೆ?”

ಇಪ್ಪತ್ತು ವರ್ಷದಿಂದ ವನವಾಸದ ಪರದೆ ಬರೆಯುತ್ತಿದ್ದ ಪುಟ್ಟಮಾದಯ್ಯನಿಗೇ ಇದು ಹೊಳೆದಿರಲಿಲ್ಲ. ಅವನು ನಾಚಿಕೊಂಡು ಜಿಂಕೆಯನ್ನು ಮಣ್ಣಿನ ಬಣ್ಣದ ತರಗೆಲೆ ಮಾಡಿಬಿಟ್ಟ. ಆಮೇಲೆ ದೂರ ನಿಂತು ನೋಡಿ, “ಒಂದ್ಕಡೆ ಮಾತ್ರ ಬಂಡೆ, ಒಂದ್ಕಡೆ ಮಾತ್ರ ನೆರಳು ಇದ್ರೆ ತೇಪೆ ಹಾಕ್ದಂಗ್ ಕಾಣ್ತದೆ” ಎಂದು, ಕಂದು, ಕಪ್ಪು, ಮಣ್ಣು ಮೂರನ್ನೂ ಬಾನೆಟ್ಟಿನಿಂದ ಹಿಡಿದು ಹಿಂದಿನ ಹಲಗೆಯವರೆಗೆ ಸಮನಾಗಿ ಹಂಚಿದ. ಕಲಾವಿದನಿಗೆ ಅಷ್ಟಾದರೂ ತೃಪ್ತಿ ಬೇಡವೇ?

ಆಗಲೇ ಮೂರು ಗಂಟೆ. ನಾಲ್ಕಕ್ಕೆ ಇನ್ಸ್‌ಪೆಕ್ಟರು ಎದ್ದು ಹೋಗುತ್ತಾರೆ. ರಾಜಣ್ಣ ಸ್ಟಿಯರಿಂಗ್ ಹಿಡಿದ, ಸ್ವಾಮಿ ಬಿಳಿ ಅಂಗಿ ತೊಟ್ಟು ಮುಂದಿನ ಸೀಟಿನಲ್ಲಿ ಕೂತ. ಬಾಗಿಲಿಗೆ ಒರಗಿದ್ದರಿಂದ ಅಂಗಿಯ ತೋಳಿನ ಮೇಲೂ ಸ್ವಲ್ಪ ಕಾಡು ಬೆಳೆಯಿತು.

ದಾರಿಯುದ್ದಕ್ಕೂ ಮರ್ಯಾದೆಯೇ ಮರ್ಯಾದೆ. ಎದುರಿಗೆ ಬಂದ ಜೀಪುಗಳು ತಾವಾಗಿಯೇ ಪಕ್ಕಕ್ಕೆ ಸರಿದವು. ಗುಂಡ್ಲುಪೇಟೆ ಬಸ್ ನಿಲ್ದಾಣದ ಹತ್ತಿರ ಪೊಲೀಸಿನವನು ಉಳಿದ ಗಾಡಿಗಳನ್ನೆಲ್ಲ ತಡೆದು ಇವರಿಗೆ ದಾರಿ ಬಿಟ್ಟ. ರಜೆಗೆ ಬಂದಿದ್ದ ಸೈನಿಕನೊಬ್ಬ ಹೊತ್ತಿದ್ದ ಟ್ರಂಕನ್ನು ಕೆಳಗಿಟ್ಟು, ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಸ್ವಾಮಿಯ ಕಣ್ಣು ತುಂಬಿ ಬಂತು.

“ನೋಡ್ದಾ ರಾಜಣ್ಣ? ಸ್ವಂತ ಗಾಡಿ ಅಂದ್ರೆ ಇದು. ನಾಳೆ ನಮ್ಮಾವ ನೋಡ್ಬೇಕು.”

“ನೋಡ್ತಾರೆ ಬುಡಣ್ಣ” ಎಂದ ರಾಜಣ್ಣ.

ಇನ್ಸ್‌ಪೆಕ್ಟರು ಕುರ್ಚಿಯಿಂದ ಎದ್ದು ಲಾರಿಗೆ ಒಂದು ಸುತ್ತು ಬಂದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಂದು ಸುತ್ತು ಬಂದರು.

“ಮಿಲಿಟರಿ ಬಣ್ಣ ಹೋಗಬೇಕು ಅಂತ ಬರೆದಿದ್ದೆ, ಅಲ್ವಾ?”

“ಇದು ಕಾಡು ಸಾರ್.”

“ಕಾಡೇ. ಕಾಡಲ್ಲಿ ಶತ್ರು ಕಣ್ಣಿಗೆ ಬೀಳಬಾರದು ಅಂತ ಸೈನ್ಯದವರು ಬಳಿಯೋ ಬಣ್ಣ ಇದೇ ಕಣ್ರೀ. ಹೋದ ತಿಂಗಳು ಇದು ಪೆನ್ಷನ್ ತಗೊಂಡ ಗಾಡಿ ಥರ ಇತ್ತು. ಈಗ ಯುದ್ಧಕ್ಕೆ ಹೊರಟು ನಿಂತಿದೆ.”

“ಹುಲಿ ಇತ್ತು ಸಾರ್” ಎಂದ ಸ್ವಾಮಿ ಅಳುವ ದನಿಯಲ್ಲಿ. “ಬಂಡೆ ಹಿಂದೆ ಅದೆ.”

ಇನ್ಸ್‌ಪೆಕ್ಟರು ಅವನ ಮುಖವನ್ನೊಮ್ಮೆ, ತೋಳಿನ ಮೇಲಿನ ಕಾಡನ್ನೊಮ್ಮೆ ನೋಡಿದರು. ಕಾಗದ ತೆಗೆದುಕೊಂಡು ಹಳೆಯ ಸಾಲನ್ನೇ ಮತ್ತೆ ಬರೆದು, ಕೊನೆಗೆ ‘ಪೂರ್ತಿ’ ಎಂಬ ಪದ ಸೇರಿಸಿ ಅಡಿಗೆರೆ ಎಳೆದರು.

ಸ್ವಾಮಿ ಎಸ್‌ಟಿಡಿ ಬೂತಿನ ಗಾಜಿನ ಪೆಟ್ಟಿಗೆಯಲ್ಲಿ ನಿಂತು ತೆರಕಣಾಂಬಿಗೆ ಫೋನು ಹಚ್ಚಿದ. ಎಂಬತ್ತು ಜನ ನೆಂಟರು ಬೆಳಗ್ಗೆ ಸೀರೆ ಪಂಚೆ ಉಟ್ಟು ರಸ್ತೆಯಲ್ಲಿ ನಿಂತಿರುವುದು ಕಣ್ಣಿಗೆ ಕಟ್ಟಿತ್ತು.

“ಮಾವ, ತಪ್ಪಾಯ್ತು. ಲಾರಿ ಪಾಸಾಗ್ಲಿಲ್ಲ. ಜನಾನ ಹೆಂಗ್ ಸಾಗ್ಸದು ಅಂತ…”

“ಅಯ್ಯೋ, ಅದಕ್ಯಾಕ್ ಅಷ್ಟೊಂದು ಯೋಚ್ನೆ ಅಳಿಯಂದಿರೇ” ಎಂದರು ಚಿಕ್ಕಬಸವಯ್ಯ, ಬಹಳ ಪ್ರೀತಿಯಿಂದ. “ನೀವು ಲಾರಿ ತತ್ತೀನಿ ಅಂದ್ರಲ್ಲ, ಅವತ್ತೇ ಓಗಿ ಬಸ್ ಮಾತಾಡ್ಬುಟ್ಟೆ.”

“ಮತ್ತೆ ನಂಗ್ಯಾಕೆ ಯೋಳ್ಲಿಲ್ಲ ಮಾವ?”

“ಖುಷಿಯಾಗಿದ್ರಿ, ಯಾಕ್ ಕೆಡ್ಸನ ಅಂತ ಸುಮ್ನಾದೆ. ಬೆಳಗ್ಗೆ ಬೇಗ ಬಂದ್ಬುಡಿ. ಸೀಟೆಲ್ಲ ತುಂಬೋಗವೆ, ಆದ್ರೂ ನಿಮ್ಗೆ ಅಂತ ಡ್ರೈವರ್ ಪಕ್ಕ ಎಂಜಿನ್ ಮೇಲೆ ಜಾಗ ಇಡ್ಸಿವ್ನಿ. ಅಲ್ಲಿ ಕೂತ್ಕಂಡ್ರೆ ಸ್ವಂತ ಗಾಡೀಲಿ ಬಂದಂಗೇ ಇರ್ತದೆ.”