ಗುಲಾಬಿಗೆ ಸರ್‌ನೇಮ್ ಕೊಟ್ಟದ್ದು

'ನನಗೆ ಗೊತ್ತಿಲ್ಲ' ಎನ್ನುವ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಇಂಗ್ಲಿಷಿನಲ್ಲಿ ನನ್ನ ಹೆಸರು ಬರೆದಿಟ್ಟರೂ ಗುರುತು ಸಿಗುವುದಿಲ್ಲ. ಆದರೂ ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನಲ್ಲಿ ಯಾರಿಗೆ ಯಾವ ಕಾಗದ ಬಂದರೂ ಮೊದಲು ಸಲಹೆ ಕೊಡುವವಳು ನಾನೇ. ಅದನ್ನು ನಂಬುವವಳು ಗುಲಾಬಿ ಒಬ್ಬಳೇ. ನಂಬಿದ್ದಕ್ಕೆ ಅವಳಿಗೆ ಏನು ಸಿಕ್ಕಿತು ಎಂಬುದನ್ನು ಹೇಳಿಬಿಡುತ್ತೇನೆ.

ಅಂಧೇರಿಯ ಒಂದು ಮೆಸ್ಸಿನಲ್ಲಿ ನಾವಿಬ್ಬರೂ ಇಪ್ಪತ್ತೆಂಟು ವರ್ಷ ಅಕ್ಕಿ ಆರಿಸಿದೆವು, ಹಿಟ್ಟು ರುಬ್ಬಿದೆವು. ಆಗ ಗುಲಾಬಿಯ ಕಣ್ಣು ತಪ್ಪಿಸಿ ಒಂದು ಕಲ್ಲೂ ಅನ್ನಕ್ಕೆ ಹೋಗುತ್ತಿರಲಿಲ್ಲ. ಈಗ ಅವಳ ಎರಡೂ ಕಣ್ಣಿಗೆ ಪೊರೆ ಬಂದಿದೆ. ಕಳೆದ ತಿಂಗಳು ಹುಣಸೆಹಣ್ಣು ಎಂದುಕೊಂಡು ಸಾರಿಗೆ ಖರ್ಜೂರ ಕಿವುಚಿ ಹಾಕಿದಳು. ನಾನು ಉಂಡು ಎದ್ದೆ, ಹೇಳಲಿಲ್ಲ. ಲೋಕಲ್ ಟ್ರೈನ್ ಹತ್ತುವಾಗ ಕಾಲಿಡುವ ಜಾಗ ಕಾಣದೆ ಅವಳು ಮನೆಯಿಂದ ಹೊರಡುವುದನ್ನೇ ಬಿಟ್ಟಾಗ ಮಾತ್ರ ನನಗೆ ಹೆದರಿಕೆಯಾಯಿತು.

ಪವಾಯಿಯಲ್ಲಿ ಪುಕ್ಕಟೆಯಾಗಿ ಪೊರೆ ತೆಗೆಯುವ ಕ್ಯಾಂಪ್ ಇದೆ ಎಂದು ಗೊತ್ತಾಯಿತು. ಆದರೆ ಹೆಸರು ಕೊಡುವುದು ಮೊಬೈಲಿನಲ್ಲಿ, ಒಂದು ಫಾರ್ಮ್ ತುಂಬಿ. ನನ್ನ ಸೊಸೆ ಸುಜಾತಾ ಮೊಬೈಲ್ ಹಿಡಿದು ಕುಳಿತಳು. ಮರಾಠಿ ಹುಡುಗಿ, ನನ್ನನ್ನು ಆಯಿ ಎನ್ನುತ್ತಾಳೆ. ಹೆಸರು: ಗುಲಾಬಿ. ಸರಿ. ಮುಂದಿನ ಖಾನೆ ಸರ್‌ನೇಮ್. ಗುಲಾಬಿಗೆ ಅದಿಲ್ಲ. ಹುಟ್ಟಿದಾಗಲೂ ಇರಲಿಲ್ಲ, ಆಧಾರ್ ಕಾರ್ಡಿನಲ್ಲೂ ಬರೀ ಗುಲಾಬಿ. ಖಾಲಿ ಬಿಟ್ಟರೆ ಫಾರ್ಮ್ ಮುಂದೆ ಹೋಗಲಿಲ್ಲ, ಕೆಂಪಗಾಯಿತು. ಸೊಸೆ ಒಂದು ಚುಕ್ಕಿ ಇಟ್ಟಳು. ಮತ್ತೆ ಕೆಂಪು. ಗೀಟು ಎಳೆದಳು. ಅದಕ್ಕೂ ಕೆಂಪು.

"ಅಕ್ಷರವೇ ಬೇಕಂತೆ ಆಯಿ. ಕೆಳಗೆ ಫೋನ್ ನಂಬರ್ ಇದೆ ನಾ, ನಾಳೆ ಕೇಳುವಾ?"

"ಸೀಟೆಲ್ಲ ಮುಗಿದ ಮೇಲೆ ಕೇಳ್ತೀಯಾ? ನಮ್ಮದೇ ಹಾಕು, ಪೂಜಾರಿ ಅಂತ."

"ಕಾರ್ಡಲ್ಲಿ ಹಾಗೆ ಇಲ್ಲ ನಾ ಆಯಿ?"

"ಆಪರೇಷನ್ ಕಣ್ಣಿಗಾ, ಕಾರ್ಡಿಗಾ?" ಎಂದು ಗದರಿಸಿದೆ.

ಹಾಕಿದಳು. ಫಾರ್ಮ್ ತಕ್ಷಣ ಹಸಿರಾಯಿತು, ಥ್ಯಾಂಕ್ಯೂ ಕೂಡ ಹೇಳಿತು. ನಾನು ಬೀಗಿದೆ. ಈಗ ಯೋಚಿಸಿದರೆ, ಅಕ್ಕಿ ಎಸೆದು ಕಲ್ಲನ್ನು ಇಟ್ಟುಕೊಳ್ಳುವ ಹೆಂಗಸನ್ನು ನಮ್ಮ ಮೆಸ್ಸಿನಲ್ಲಿ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಆ ಫಾರ್ಮ್ ಮಾಡಿದ್ದು ಅದನ್ನೇ. ಕಲ್ಲು ಬೆರೆಸಿದವಳು ನಾನು, ಅದು ಬೇರೆ ಮಾತು.

ಗುಲಾಬಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕಳು. "ಭಾವನವರ ಹೆಸರು ನನಗೂ ಬಂತಲ್ಲಾ ಅಕ್ಕ! ಇನ್ನು ನಾನು ನಿಮಗೆ ಸವತಿ. ನಾಳೆಯಿಂದ ಚಾ ನೀವೇ ಮಾಡಿ ಕೊಡ್ಬೇಕು."

"ಮೊದಲು ಕಣ್ಣು ಸರಿ ಮಾಡ್ಕೊ ಮಾರಾಯ್ತಿ, ಆಮೇಲೆ ಸವತಿ ಆಗು" ಎಂದೆ. ಆಪರೇಷನ್ ದಿನ ಒಳ್ಳೆಯ ಸೀರೆ ಉಟ್ಟು ಬಂದಳು, ಕಣ್ಣು ಬಿಟ್ಟಾಗ ಮೊದಲು ಅದರ ಅಂಚು ನೋಡಬೇಕಂತೆ.

ಕ್ಯಾಂಪಿನ ಟೇಬಲ್ಲಿನಲ್ಲಿದ್ದ ಹುಡುಗಿ ಕಾರ್ಡ್ ನೋಡಿದಳು, ಕಂಪ್ಯೂಟರ್ ನೋಡಿದಳು, ಮತ್ತೆ ಕಾರ್ಡ್ ನೋಡಿದಳು. "ಆಂಟಿ, ನಾಮ್ ಮ್ಯಾಚ್ ನಹೀ ಹೋ ರಹಾ." ಹೆಸರು ತಾಳೆಯಾಗುತ್ತಿಲ್ಲವಂತೆ.

ಇವಳೇ ಗುಲಾಬಿ, ನಾನೇ ಸಾಕ್ಷಿ ಎಂದು ಕೂಗಾಡಿದೆ. ಆ ಹುಡುಗಿ ಒರಟಾಗಿ ಮಾತಾಡಿದ್ದರೆ ಜಗಳಕ್ಕಾದರೂ ದಾರಿಯಿತ್ತು. ಪಾಪ, ನೀರು ತಂದುಕೊಟ್ಟು, ಮಳೆಗಾಲ ಮುಗಿದ ಮೇಲೆ ಇನ್ನೊಂದು ಕ್ಯಾಂಪ್ ಇದೆ ಎಂದಳು. ಗುಲಾಬಿಯ ಸೀಟು ಹಿಂದೆ ಕಾದಿದ್ದ ಮುದುಕನಿಗೆ ಹೋಯಿತು.

ಗುಲಾಬಿ ಬೈಯಲಿಲ್ಲ. "ಹೋಗ್ಲಿ ಬಿಡಿ ಅಕ್ಕ, ಮಳೆ ಮುಗಿದ ಮೇಲೆ ಬರುವಾ" ಎಂದಳು. ರಿಕ್ಷಾ ಇಳಿಯುವಾಗ ನೆಲ ಎಲ್ಲಿದೆ ಎಂದು ಕಾಲಿನಿಂದ ತಡವಿದಳು. ನನ್ನ ಕೈ ಹಿಡಿಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಈ ಮಳೆಗಾಲವಿಡೀ ಅವಳು ಕಿಟಕಿಯ ಹತ್ತಿರ ಕುಳಿತು, ಶಬ್ದ ಕೇಳಿ ಮಳೆ ಎಷ್ಟು ಜೋರು ಎಂದು ಅಂದಾಜು ಮಾಡಬೇಕು. ಅದು ನಾನು ಕೊಟ್ಟದ್ದು.

ಮರುದಿನ ಸುಜಾತಾ ಆ ನಂಬರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ಒಂದೇ ಹೆಸರಿನವರು ಎರಡೂ ಖಾನೆಯಲ್ಲಿ ಅದೇ ಹೆಸರು ಬರೆಯುತ್ತಾರೆ, ಟೇಬಲ್ಲಿನವರಿಗೆ ಅದು ಗೊತ್ತಿದೆ, ಮೊದಲೇ ಕೇಳಿದ್ದರೆ ಒಂದು ನಿಮಿಷದ ಕೆಲಸವಾಗಿತ್ತು ಎಂದ ಅತ್ತಲಿನ ಗಂಡಸು. ಆಮೇಲೆ, ಫಾರ್ಮ್ ತುಂಬಿದ್ದು ಯಾರು ಎಂದು ಕೇಳಿದ.

"ಮೇರೀ ಬಹೂ ನೇ" ಎಂದೆ. ನನ್ನ ಸೊಸೆ. "ಕಿಸೀ ಕೀ ಸುನ್ತೀ ನಹೀ." ಯಾರ ಮಾತೂ ಕೇಳುವವಳಲ್ಲ.

ಅವನು ತಕ್ಷಣ ನಂಬಿದ. ಕಾರ್ಡ್ ತೋರಿಸಿ ಎನ್ನಲಿಲ್ಲ.

ಸುಜಾತಾ ಪಕ್ಕದಲ್ಲೇ ನಿಂತಿದ್ದಳು. ಮೊಬೈಲ್ ತೆಗೆದುಕೊಂಡು, ಮಳೆಗಾಲದ ನಂತರದ ಕ್ಯಾಂಪಿಗೆ ಎರಡೂ ಖಾನೆಯಲ್ಲಿ ಗುಲಾಬಿ ಎಂದು ಬರೆದಳು. ಅವಳಿಗೆ ಅರ್ಧಂಬರ್ಧ ಅರ್ಥವಾಗುವುದು ಕನ್ನಡ ಮಾತ್ರ. ನಾನು ಆ ಮಾತು ಹೇಳಿದ್ದು ಹಿಂದಿಯಲ್ಲಿ.