ಮೊಮ್ಮಗಳ ಬೈಕಿನ ಒಂದು ಸಣ್ಣ ಸ್ಕ್ರೂ

ಹರಿಹರದ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಲೇತ್ ಮಿಷನ್ನಿನ ಮುಂದೆ ನಿಂತು ನಿವೃತ್ತನಾದ ನನ್ನಂಥವನಿಗೆ, ಆರೂವರೆ ವರ್ಷದ ಹುಡುಗಿ ಓಡಿಸುವ ಬೈಕು ಯಾವ ಲೆಕ್ಕ! ಹೀಗೆಂದು ನಾನು ಮನೆಮಂದಿಯ ಮುಂದೆ ಎದೆ ತಟ್ಟಿ ಹೇಳಿದ್ದು ನಿಜ. ಆ ಮಾತನ್ನು ಈಗ ನನ್ನ ಹೆಂಡತಿ ಗಿರಿಜಾ ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಬಡಿಸುತ್ತಿದ್ದಾಳೆ.

ಮೊಮ್ಮಗಳ ಹೆಸರು ಚಿನ್ಮಯಿ. ನಮಗೆಲ್ಲ ಚಿನ್ನು. ಮಣ್ಣಿನ ದಿಬ್ಬ ಹತ್ತಿಳಿಯುವ ಬೈಕಿನ ಹುಚ್ಚು ಅವಳಿಗೆ ಬಂದದ್ದು ತಾಯಿಯಿಂದ. ನನ್ನ ಸೊಸೆ ಸುಮಾ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿಗೆ ಹೋಗುವುದೇ ಬೈಕಿನಲ್ಲಿ. ಹರಿಹರದ ಹೊರಗೆ, ಹೊಳೆಯ ಕಡೆಯ ಹಳೆಯ ಇಟ್ಟಿಗೆ ಭಟ್ಟಿಯ ಬಯಲಿನಲ್ಲಿ ಫಯಾಜ್ ಎಂಬ ಗ್ಯಾರೇಜಿನವನು ಪ್ರತಿ ಭಾನುವಾರ ಮಕ್ಕಳಿಗೆ ಇದನ್ನು ಕಲಿಸುತ್ತಾನೆ ಎಂದು ಪತ್ತೆ ಹಚ್ಚಿದವಳೂ ಅವಳೇ. ಆದರೆ ಭಾನುವಾರ ಅವಳಿಗೂ ಡ್ಯೂಟಿ, ಬಸ್ ಓಡಿಸುವ ನನ್ನ ಮಗನಿಗೂ ಡ್ಯೂಟಿ. ಹೀಗಾಗಿ ಮನೆಯಲ್ಲಿ ಬಿಡುವಾಗಿದ್ದ ಏಕೈಕ ತಾಂತ್ರಿಕ ತಜ್ಞನಾದ ನನ್ನ ಹೆಗಲಿಗೆ ಈ ಮಹತ್ಕಾರ್ಯ ಬಿತ್ತು.

“ಮಾವ, ಅವ್ರು ಹೇಳ್ದಷ್ಟು ಮಾಡಿದ್ರೆ ಸಾಕ್ರಿ. ನೀವಾಗೇ ಏನೂ ಮಾಡಾಕ ಹೋಗಬ್ಯಾಡ್ರಿ,” ಎಂದಳು ಸುಮಾ.

“ಏನವ್ವಾ ಹಂಗಂತೀಯ! ಮಿಷನ್ ಅಂದ್ರೆ ನಂಗೇನ್ ಹೊಸದಾ?”

“ಅದಕ್ಕೇ ಹೇಳಿದ್ದು ಅವ್ಳು,” ಎಂದು ಅಡುಗೆಮನೆಯಿಂದ ಗಿರಿಜಾಳ ದನಿ ಬಂತು.

ಮೊದಲ ಎಡವಟ್ಟು ಸರಸ್ವತಿ ನಗರದ ನಮ್ಮ ಮನೆಯಂಗಳದಲ್ಲೇ ನಡೆಯಿತು. ಬೈಕು ಮುಟ್ಟುವ ಮೊದಲು ಮಗು ಒಂದು ತಿಂಗಳು ಪುಟ್ಟ ಸೈಕಲ್ಲಿನಲ್ಲಿ ಬ್ಯಾಲೆನ್ಸ್ ಕಲಿಯಬೇಕು ಎಂಬುದು ಫಯಾಜನ ನಿಯಮ. ಸುಮಾ ಆ ಸೈಕಲ್ ತರಿಸಿದ್ದಳು. ಅವಳು ಆಸ್ಪತ್ರೆಗೆ ಹೋದ ಮೇಲೆ ಪೆಟ್ಟಿಗೆ ಬಿಚ್ಚಿ ನೋಡುತ್ತೇನೆ, ಪೆಡಲೇ ಇಲ್ಲ! ಚೈನೂ ಇಲ್ಲ! ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವಿದೆ. ಒಂದು ಜಿರಲೆ ಬಿತ್ತು.

“ಮೋಸ!” ಎಂದು ಘೋಷಿಸಿದೆ.

“ಸುಮಾ ಬರ್ಲಿ ತಡೀರಿ, ಕೇಳಾನ,” ಎಂದಳು ಗಿರಿಜಾ.

ತಜ್ಞರು ಕೇಳುವುದಿಲ್ಲ. ಗುಜರಿ ಅಂಗಡಿಯಿಂದ ಹಳೆಯ ಪೆಡಲ್, ಚೈನು, ಹಲ್ಲಿನ ಚಕ್ರ ಆರಿಸಿ ತಂದೆ. ಆನೆಕೊಂಡದಲ್ಲಿ ವೆಲ್ಡಿಂಗ್ ಶೆಡ್ ಇಟ್ಟಿರುವ ನನ್ನ ಹಳೆಯ ಗೆಳೆಯನ ಬಳಿ ಇಡೀ ಹಗಲು ಕುಳಿತು, ಕೊರೆದು, ಬೆಸೆದು, ಸಂಜೆ ಐದರ ಹೊತ್ತಿಗೆ ಸೈಕಲ್ಲನ್ನು ಪರಿಪೂರ್ಣಗೊಳಿಸಿದೆ. ಮುಂದಕ್ಕೆ ತುಳಿದರೆ ಪೆಡಲ್ ಸುಮ್ಮನೆ ತಿರುಗುತ್ತಿತ್ತು, ಹಿಂದಕ್ಕೆ ತುಳಿದರೆ ಮಾತ್ರ ಸೈಕಲ್ಲು ಹಿಂದಕ್ಕೆ ಚಲಿಸುತ್ತಿತ್ತು ಎಂಬುದೊಂದು ಸಣ್ಣ ಕೊರತೆ.

ಸುಮಾ ಬಂದಳು. ಸೈಕಲ್ಲನ್ನು ನೋಡಿದಳು. ನನ್ನನ್ನು ನೋಡಿದಳು. ಕುರ್ಚಿ ಎಳೆದುಕೊಂಡು ಕೂತಳು.

“ಮಾವ, ಇದಕ್ಕೆ ಪೆಡಲ್ ಇರಂಗಿಲ್ರಿ. ಮಕ್ಳು ಕಾಲಿಂದ ನೆಲ ಒದ್ಕಂತ ಹೋಗ್ಬೇಕು. ಬ್ಯಾಲೆನ್ಸ್ ಬರ್ಲಿ ಅಂತ ಹಂಗೇ ಮಾಡಿರ್ತಾರೆ.”

“ಅಂದ್ರೆ... ಬೇಕಂತ್ಲೇ ಬಿಟ್ಟಿದ್ದಾ?”

“ಹೂಂರಿ.”

ಬೆಸೆಯಲು ಒಂದು ದಿನ ಹಿಡಿದಿತ್ತು. ಬಿಚ್ಚಲು ಎರಡು ದಿನ ಹಿಡಿಯಿತು!

ಚಿನ್ನು ಮಾತ್ರ ವಾರದೊಳಗೆ ನೆಲ ಒದೆಯುತ್ತ, ಎರಡೂ ಕಾಲು ಎತ್ತಿಕೊಂಡು, ಹಾಲಿನ ಅಂಗಡಿಯವರೆಗೆ ಜಾರಿಕೊಂಡು ಹೋಗತೊಡಗಿದಳು. ಎದುರುಮನೆಯವರು ಕನಿಕರದಿಂದ ಕೇಳಿದರು: “ಪಾಪ, ಹುಡುಗಿ ಸೈಕಲ್ಲಿಂದು ಪೆಡಲ್ ಮುರದೈತೇನ್ರಿ?”

“ಇಲ್ರೀ, ಅದು ಹಂಗೇ ಇರಾದು. ಇದ್ರಾಗೆಲ್ಲ ಟೆಕ್ನಿಕ್ ಐತಿ. ನಿಮಗ ತಿಳಿಯಂಗಿಲ್ಲ ಬಿಡ್ರಿ,” ಎಂದೆ ಗಂಭೀರವಾಗಿ.

ತಿಂಗಳಾದ ಮೇಲೆ ಇಟ್ಟಿಗೆ ಭಟ್ಟಿಯ ಬಯಲಿಗೆ ಹೋದೆವು. ಹೆಲ್ಮೆಟ್ಟು, ಕನ್ನಡಕ, ಎದೆಗವಚ, ಮೊಣಕಾಲಿಗೊಂದು, ಮೊಣಕೈಗೊಂದು ಗಾರ್ಡು, ಮೊಣಕಾಲು ಮುಟ್ಟುವ ಬೂಟು. ಯುದ್ಧಕ್ಕೆ ಹೊರಟ ರಾಣಿಗೂ ಇಷ್ಟು ಸಾಮಾನು ಇದ್ದಿರಲಾರದು. ಅರ್ಧ ಗಂಟೆ ಬೆವರು ಸುರಿಸಿ ಎಲ್ಲವನ್ನೂ ತೊಡಿಸಿದೆ. ಚಿನ್ನು ಹೊಲದ ಬೆದರುಬೊಂಬೆಯ ಹಾಗೆ ಎರಡೂ ಕೈ ಅಗಲಿಸಿ ನಿಂತಳು.

“ಕೈ ಮಡಚವ್ವಾ.”

“ಮಡಚಕ್ಕೆ ಆಗ್ತಿಲ್ಲಜ್ಜ. ಇವು ಕಾಲಿನವು.”

ಆಮೇಲೆ ಫಯಾಜ್ ಚಿನ್ನುವಿಗೆಂದು ಇಟ್ಟಿದ್ದ ಪುಟ್ಟ ಬೈಕನ್ನು ತಂದು ನಿಲ್ಲಿಸಿ, ಒಂದು ದಾರ ನನ್ನ ಕೈಗಿತ್ತ. ಅದರ ಇನ್ನೊಂದು ತುದಿ ಬೈಕಿನ ಸ್ವಿಚ್ಚಿಗೆ ಸಿಕ್ಕಿಸಿತ್ತು. ಮಗು ಬೈಕು ಓಡಿಸುವಾಗ ದೊಡ್ಡವರು ದಾರ ಹಿಡಿದು ಹಿಂದೆ ಓಡಬೇಕು. ಅಪಾಯವೆನಿಸಿದರೆ ಎಳೆದರಾಯಿತು, ದಾರ ಕಳಚಿ ಎಂಜಿನ್ ನಿಲ್ಲುತ್ತದೆ. ಎಷ್ಟು ಸರಳ! ಚಿನ್ನು ಹೊರಟಳು, ನಾನೂ ಓಡಿದೆ. ಹತ್ತು ಹೆಜ್ಜೆಗೆ ಬೈಕು ನಿಂತಿತು. ಮತ್ತೆ ಹೊರಟೆವು. ಮತ್ತೆ ನಿಂತಿತು. ಹೀಗೆ ಆರು ಸಲವಾದ ಮೇಲೆ ನಾನು ಏದುಸಿರಿನಲ್ಲಿ ಫಯಾಜನಿಗೆ ತಾಂತ್ರಿಕ ಸಲಹೆ ಕೊಟ್ಟೆ: “ನಿನ್ ಎಂಜಿನ್ ಸರಿ ಇಲ್ಲಪ್ಪಾ. ಕಾರ್ಬುರೇಟರ್ ಬಿಚ್ಚಿ ನೋಡು.”

“ಎಂಜಿನ್ ಬರಾಬರ್ ಐತ್ರಿ ಯಜಮಾನ್ರೆ,” ಎಂದ ಅವನು ವಿನಯದಿಂದ. “ಹಿಂದೆ ಓಡೋರೇ ಬಂದ್ ಆಗ್ತಿದಾರೆ.”

ಇಷ್ಟಕ್ಕೇ ನಾನು ಬುದ್ಧಿ ಕಲಿತಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಮೂರನೆಯ ಭಾನುವಾರ ನನಗೊಂದು ಸಂಗತಿ ಹೊಳೆಯಿತು. ಚಿನ್ನುವಿನ ಬೈಕು ಎಷ್ಟು ನಿಧಾನವೆಂದರೆ, ಅದರ ಪಕ್ಕದಲ್ಲಿ ಹೊರಟ ಕೋಳಿಯೊಂದು ಮೊದಲು ತಲುಪಿತು. ಪರೀಕ್ಷಿಸಿದಾಗ ಆಕ್ಸಿಲರೇಟರಿನ ಬುಡದಲ್ಲಿ ಒಂದು ಸಣ್ಣ ಸ್ಕ್ರೂ ಕಂಡಿತು. ಹಿಡಿ ಪೂರ್ತಿ ತಿರುಗದಂತೆ ಅದು ತಡೆಯುತ್ತಿತ್ತು. ಇಷ್ಟು ದಿನ ಯಾರ ಕಣ್ಣಿಗೂ ಬೀಳದ ದೋಷ ನನ್ನ ಕಣ್ಣಿಗೆ ಬಿತ್ತಲ್ಲ! ಫಯಾಜ್ ಬಯಲಿನ ಆ ತುದಿಯಲ್ಲಿ ಬೇರೆ ಮಕ್ಕಳ ಜೊತೆಗಿದ್ದ. ಚಿನ್ನು ನೀರು ಕುಡಿಯಲು ಹೋಗಿದ್ದಳು. ನನ್ನ ಜೇಬಿನಲ್ಲಿ ಸ್ಕ್ರೂಡ್ರೈವರ್ ಇಲ್ಲದ ದಿನವೇ ಇಲ್ಲ. ಬಿಚ್ಚಿದೆ.

ಚಿನ್ನು ಬಂದಳು. ಬೈಕು ಹತ್ತುವ ಮುನ್ನ ಫಯಾಜ್ ಕಲಿಸಿದ್ದ ತಪಾಸಣೆ ಶುರುಮಾಡಿದಳು. ಬ್ರೇಕ್ ಒತ್ತಿದಳು. ದಾರ ಜಗ್ಗಿದಳು. ಕೊನೆಗೆ ಕಿರುಬೆರಳಿನಿಂದ ಆ ಸ್ಕ್ರೂ ಇದ್ದ ಜಾಗ ಮುಟ್ಟಿದಳು.

“ಅಜ್ಜಾ, ಸ್ಕ್ರೂ ಇಲ್ಲ. ನಾ ಕೂರಲ್ಲ.”

“ನಾನೇ ತಗದೀನವ್ವಾ. ಏನೂ ಆಗಂಗಿಲ್ಲ, ಕೂರು.”

“ಫಯಾಜ್ ಮಾಮ ಬರ್ಲಿ.”

“ಯಾಕ, ನಿಮ್ಮಜ್ಜ ಹೇಳಿದ್ರೆ ಸಾಲಂಗಿಲ್ಲೇನು?”

ಅವಳು ಸ್ವಲ್ಪ ಯೋಚಿಸಿದಳು. “ಸಾಲಂಗಿಲ್ಲ,” ಎಂದಳು.

ಮೂವತ್ತನಾಲ್ಕು ವರ್ಷದ ಸರ್ವೀಸಿಗೆ ಒಂದೇ ಮಾತಿನಲ್ಲಿ ತೀರ್ಪು! ಸ್ವಾಭಿಮಾನ ಕೆರಳಿತು. “ಹಂಗಾರೆ ನಾನೇ ಓಡಿಸಿ ತೋರಿಸ್ತೀನಿ ನೋಡು,” ಎಂದು ಆ ಪುಟ್ಟ ಬೈಕಿನ ಮೇಲೆ ಕುಳಿತೆ. ನನ್ನ ಎರಡೂ ಮೊಣಕಾಲು ಕಿವಿಯ ಪಕ್ಕಕ್ಕೆ ಬಂದವು.

“ದಾರ ನಾ ಹಿಡ್ಕಂತೀನಿ,” ಎಂದಳು ಚಿನ್ನು.

“ಹಿಡ್ಕೊ, ಹಿಡ್ಕೊ,” ಎಂದು ನಕ್ಕು, ಹಿಡಿಯನ್ನು ತಿರುಗಿಸಿದೆ.

ಬೈಕು ಹಾರಿತು. ನಾನೂ ಅದರ ಜೊತೆಗೇ ಹೋದೆನೆಂದು ನೋಡಿದವರು ಹೇಳುತ್ತಾರೆ. ಕೂಡಲೇ ದಾರ ಕಳಚಿ ಎಂಜಿನ್ ನಿಂತದ್ದೇನೋ ನಿಜ. ಆದರೆ ಅಷ್ಟರಲ್ಲಿ ನಾವಿಬ್ಬರೂ ಪಕ್ಕದ ದಿಬ್ಬದ ನೆತ್ತಿ ದಾಟಿ ಇಳಿಜಾರಿನಲ್ಲಿದ್ದೆವು. ಕೆಳಗೊಂದು ಕೆಸರುಗುಂಡಿ. ಅದರಲ್ಲಿ ಬೀಳಬಾರದು, ಬೀಳಬಾರದು ಎಂದು ಅದನ್ನೇ ನೋಡುತ್ತ ಹೋಗಿ ನೇರವಾಗಿ ಅದರ ಮಧ್ಯಕ್ಕೇ ಬಿದ್ದೆ. ಅಲ್ಲಿ ಮೊದಲೇ ಮಲಗಿದ್ದ ಎಮ್ಮೆಯೊಂದು ತಲೆಯೆತ್ತಿ ನೋಡಿ, ಸ್ವಲ್ಪ ಸರಿದು ಜಾಗ ಕೊಟ್ಟಿತು.

ದಿಬ್ಬದ ಮೇಲೆ ಚಿನ್ನು ಕಾಣಿಸಿಕೊಂಡಳು. ಕೈಯಲ್ಲಿ ದಾರ ಹಾಗೇ ಇತ್ತು. ಅಳಲಿಲ್ಲ, ನಗಲಿಲ್ಲ. “ಅಜ್ಜಾ, ಪೆಟ್ಟಾತಾ? ಕೈ ಆಡ್ಸು ನೋಡಾನ. ಈಗ ಕಾಲು. ಗಡಬಡಿ ಮಾಡಬ್ಯಾಡ, ನಿಧಾನ ಏಳು.”

ಅವಳು ಹೇಳಿದಂತೆ ಕೇಳಿದೆ.

ಫಯಾಜ್ ಓಡಿ ಬಂದ. ಬೈಕು ಎತ್ತಿ, ಹಿಡಿಯ ಬುಡ ನೋಡಿದ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. “ಯಜಮಾನ್ರೆ, ಆ ಸ್ಕ್ರೂ ಹುಡುಗಿ ಕೈಯಳತೆ ನೋಡಿ ನಾನೇ ಇಟ್ಟಿದ್ದು,” ಎಂದು ಮೆಲ್ಲಗೆ ಹೇಳಿದ. “ಅವ್ಳು ಕೂತಿದ್ರೆ ಹೆಂಗೆ?”

ಎಂಬತ್ತು ಕೆಜಿಯ ನನ್ನನ್ನೇ ಎತ್ತಿ ಒಗೆದ ಬೈಕು ಇಪ್ಪತ್ತು ಕೆಜಿಯ ಕೂಸನ್ನು ಏನು ಮಾಡುತ್ತಿತ್ತೋ! “ತಪ್ಪಾತವ್ವಾ ನಂದು,” ಎಂದೆ ಮೊಮ್ಮಗಳಿಗೆ.

“ಇರ್ಲಿ ಬಿಡಜ್ಜ. ಮೊದ್ಲು ಎಲ್ರೂ ಬೀಳ್ತಾರೆ.”

ಫಯಾಜ್ ನನ್ನಿಂದ ಸ್ಕ್ರೂ ಇಸಿದುಕೊಂಡು ಮೊದಲಿನಂತೆ ಬಿಗಿದ. ಬೈಕು ಸ್ಟಾರ್ಟ್ ಆಯಿತು. ಚಿನ್ನು ಅವನ ಕೆಲಸವನ್ನೂ ಒಮ್ಮೆ ಮುಟ್ಟಿ ಪರೀಕ್ಷಿಸಿದ ಮೇಲೆಯೇ ಹತ್ತಿದಳು. ದಾರ ಹಿಡಿದು ಓಡುವ ಕೆಲಸವನ್ನು ಫಯಾಜ್ ನನ್ನಿಂದ ಕಿತ್ತುಕೊಂಡ. ಅವಳು ಬೆನ್ನು ನೆಟ್ಟಗೆ ಮಾಡಿ, ದೃಷ್ಟಿ ಮುಂದಿಟ್ಟು, ಮೊದಲ ತಿರುವು ದಾಟಿದಳು. ಎರಡನೆಯ ತಿರುವಿನಲ್ಲಿ ಚಕ್ರ ಜಾರಿ ಪಕ್ಕಕ್ಕೆ ಬಿದ್ದಳು. ನಾನು ಓಡಲು ಹೊರಟೆ.

“ಅಲ್ಲೇ ಇರ್ರಿ ಯಜಮಾನ್ರೆ! ಅವ್ಳೇ ಏಳ್ತಾಳೆ,” ಎಂದು ಕೂಗಿದ ಫಯಾಜ್.

ಎದ್ದಳು. ಮಣ್ಣು ಕೊಡವಿದಳು. ಪರವಾಗಿಲ್ಲ ಎಂದು ಕೈಯೆತ್ತಿ ತೋರಿಸಿದಳು. ಫಯಾಜ್ ಬೈಕು ನಿಲ್ಲಿಸಿಕೊಟ್ಟ ಮೇಲೆ ಮತ್ತೆ ಬ್ರೇಕ್, ಮತ್ತೆ ದಾರ, ಮತ್ತೆ ಆ ಸ್ಕ್ರೂ. ಆಮೇಲೆ ಹೊರಟವಳು ಇಡೀ ಸುತ್ತು ಮುಗಿಸಿ, ನನ್ನ ಮುಂದೆಯೇ ಬ್ರೇಕ್ ಹಿಡಿದು ನಿಂತಳು. ನಾನು ಮೈಮರೆತು ಚಪ್ಪಾಳೆ ತಟ್ಟಿದೆ. ಪಕ್ಕದಲ್ಲಿ ನಿಂತಿದ್ದವರ ಬಿಳಿ ಅಂಗಿಯ ತುಂಬ ಕೆಸರು! ಯಾರ ಮೊಮ್ಮಗಳೆಂದು ಅವರೇನೂ ಕೇಳಲಿಲ್ಲ. ನಾನೇ ಹೇಳಿದೆ. ಎರಡು ಸಲ.

ಸಂಜೆ ಸುಮಾಳಿಗೆ ಏನೂ ಮುಚ್ಚಿಡದೆ ನಾನೇ ಎಲ್ಲ ಹೇಳಿದೆ. ಅವಳ ಮುಖ ಬಿಳಿಚಿತು. ಆಮೇಲೆ ಮಗಳನ್ನು ಹತ್ತಿರಕ್ಕೆಳೆದುಕೊಂಡು, “ಅಜ್ಜ ಹೇಳಿದ್ರೂ ಕೂರ್ಲಿಲ್ಲೇನು ನೀನು?” ಎಂದು ಕೇಳಿದಳು. ಚಿನ್ನು ಇಲ್ಲವೆಂದು ತಲೆಯಾಡಿಸಿದಳು. ಸುಮಾಳ ಕಣ್ಣುಗಳು ತುಂಬಿ ಬಂದವು. ನನ್ನವೂ. ಇಷ್ಟು ವರ್ಷ ಎಷ್ಟೋ ಯಂತ್ರಗಳನ್ನು ಪಳಗಿಸಿದ ನನಗೆ, ಬೇಡ ಎನ್ನಬೇಕಾದ ಹೊತ್ತಿಗೆ ಬೇಡ ಎನ್ನುವ ಇಂಥ ಗಟ್ಟಿ ಕೂಸು ನಮ್ಮ ಮನೆಯಲ್ಲಿದೆಯೆಂಬುದೇ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಹೋದಾಗ ಚಿನ್ನುವನ್ನು ಮೇಲಿನ ತಂಡಕ್ಕೆ ಸೇರಿಸಿಕೊಂಡಿದ್ದರು. ಫಯಾಜ್ ನನ್ನ ಮುಂದೆ ಹಾಜರಿ ಪುಸ್ತಕ ಹಿಡಿದ. ಐದರಿಂದ ಏಳು ವರ್ಷದ ಹೊಸಬರ ಪಟ್ಟಿಯ ಕೊನೆಯಲ್ಲಿ ನನ್ನ ಹೆಸರಿತ್ತು. ವಯಸ್ಸು ಅರವತ್ತೆರಡು. ಪೋಷಕರ ಸಹಿ ಎಂಬಲ್ಲಿ, ಸೊಟ್ಟಸೊಟ್ಟ ಅಕ್ಷರದಲ್ಲಿ: ಚಿನ್ಮಯಿ.

ಸೇರಿಕೊಂಡೆ. ನಾಲ್ಕು ವಾರವಾಯಿತು, ಪುಟಾಣಿಗಳ ಸಾಲಿನಲ್ಲಿ ನಿಂತು ಬ್ರೇಕ್ ಹಿಡಿಯುವುದನ್ನು ಕಲಿಯುತ್ತಿದ್ದೇನೆ. ತಂಡದಲ್ಲಿ ಎಲ್ಲರಿಗಿಂತ ಎತ್ತರ ನಾನೇ. ಉಳಿದ ವಿಷಯಗಳಲ್ಲಿ ಮಕ್ಕಳು ಸ್ವಲ್ಪ ಮುಂದಿದ್ದಾರೆ.