ಗುಂಡಿಗೆ ಎಷ್ಟು ಎಸಳು?

ಕೀತ್ ಊಟದ ಹೊತ್ತಿನಲ್ಲಿ ಆ ಮಾತು ತೆಗೆಯದಿದ್ದರೆ ಮೋಹನ ಆ ಶನಿವಾರ ನೆಮ್ಮದಿಯಾಗಿ ಅಂಗಿಗಳಿಗೆ ಇಸ್ತ್ರಿ ಹಾಕಿಕೊಂಡಿರುತ್ತಿದ್ದ. ವುಲ್ವರ್‌ಹ್ಯಾಂಪ್ಟನ್ನಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಇಬ್ಬರದೂ ಒಂದೇ ಕೆಲಸ: ಲೋಹವನ್ನು ಎಳೆದು, ಬಗ್ಗಿಸಿ, ಮುರಿದು ನೋಡುವುದು. ಕೀತ್‌ಗೆ ರಜೆ ಬಂದರೆ ಜಿಂಕೆ ಬೇಟೆ. ಅವನ ಹೊಸ ರೈಫಲ್ ಗುಂಡು ಒಳಹೊಕ್ಕ ಮೇಲೆ ಹೂವಿನಂತೆ ಅರಳುತ್ತದಂತೆ. ಅದನ್ನು ಪರೀಕ್ಷಿಸಲು ಅವನು ಮನೆಯಲ್ಲೇ ಮಾಂಸದಷ್ಟು ಮೆತ್ತಗಿನ ಜೆಲಾಟಿನ್ ಗಡ್ಡೆ ಮಾಡಿ, ಹೊಲದ ದಿಬ್ಬದ ಮುಂದಿಟ್ಟು ಹೊಡೆಯುತ್ತಾನಂತೆ. ಈ ಸಲ ಮಾತ್ರ ಹೆಂಡತಿ ಅಡುಗೆಮನೆಗೇ ಬಿಡುತ್ತಿಲ್ಲವಂತೆ.

ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವ ಪ್ರಾಣಿ ನಮ್ಮ ಮೋಹನ. ಅವನಿಗೆ ಜಿಂಕೆಯೂ ಬೇಡ, ಬೇಟೆಯೂ ಬೇಡ. ಆದರೆ ಲೋಹ ಅರಳುವುದೆಂದರೆ ಹೇಗೆ? ಎಷ್ಟು ಎಸಳು? ಎರಡು ದಿನ ಅವನಿಗೆ ಊಟ ರುಚಿಸಲಿಲ್ಲ. ಕೊನೆಗೆ, ಗಡ್ಡೆ ತಾನು ಮಾಡಿ ತರುವುದು, ಸಿಕ್ಕ ಗುಂಡನ್ನು ಮೊದಲು ತಾನು ನೋಡುವುದು ಎಂದು ಒಪ್ಪಂದ ಮಾಡಿಕೊಂಡ.

ತೊಡಕು ಮನೆಯಲ್ಲಿತ್ತು. ಜೆಲಾಟಿನ್ ಎಂದರೆ ಮೂಳೆ, ಚರ್ಮ. ಹೆಂಡತಿ ಲೀಲಾವತಿಯ ಅಡುಗೆಮನೆಯಲ್ಲಿ ಮೊಟ್ಟೆಗೇ ಪ್ರವೇಶವಿಲ್ಲ. ಇನ್ನು ಬಂದೂಕು, ಗುಂಡು ಎಂಬ ಮಾತು ಎತ್ತಿದರೆ ಅವಳು ಮೋಹನನಿಗೂ ಪ್ರವೇಶ ಕೊಡುತ್ತಿರಲಿಲ್ಲ. ಅವನು ಯೋಚಿಸಿ, ಕಡಲಪಾಚಿಯಿಂದ ಮಾಡುವ ಚೈನಾ ಗ್ರಾಸ್‌ಗೆ ಮೊರೆಹೋದ. ಅದೂ ಗಟ್ಟಿಯಾಗುತ್ತದಲ್ಲ? ಊರಿನ ನಮ್ಮವರ ಅಂಗಡಿಗಳಲ್ಲಿದ್ದ ಪೊಟ್ಟಣಗಳನ್ನೆಲ್ಲ ಬಾಚಿ ತಂದು, ಆಫೀಸಿನ ಪ್ರಯೋಗ ಎಂದು ಹೆಂಡತಿಗೆ ಹೇಳಿ, ನಾಲ್ಕು ಟ್ರೇ ತುಂಬ ಹೆಪ್ಪು ಹಾಕಿದ.

ಅದು ರಂಜಾನ್ ತಿಂಗಳು. ಪಕ್ಕದ ಮನೆಯ ಮಸರ್ರತ್, ಬೆಂಗಳೂರಿನವರು, ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಡಾಕ್ಟರು. ಇಫ್ತಾರ್‌ಗೆಂದು ಚೈನಾ ಗ್ರಾಸ್ ಹುಡುಕಿಕೊಂಡು ಹೋದರೆ ಅಂಗಡಿಯವನು, ಎಲ್ಲ ನಿಮ್ಮ ಮೋಹನ್ ಒಯ್ದರು ಎಂದ. ಆಕೆ ಅದನ್ನು ಸುಮ್ಮನೆ ರಾಮಮೂರ್ತಿಗಳ ಕಿವಿಗೆ ಹಾಕಿದರು. ರಾಮಮೂರ್ತಿಗಳು ಕನ್ನಡ ಸಂಘದ ಅಧ್ಯಕ್ಷರು, ಫೋನ್ ಕಂಡುಹಿಡಿದದ್ದೇ ತಮಗಾಗಿ ಎಂದು ನಂಬಿದವರು. ಮಧ್ಯಾಹ್ನದೊಳಗೆ, ಮೋಹನ ಗುಟ್ಟಾಗಿ ಔತಣ ಇಟ್ಟುಕೊಂಡಿದ್ದಾನೆ ಎಂಬ ಸುದ್ದಿ ಎಲ್ಲ ಕನ್ನಡದ ಮನೆಗಳನ್ನೂ ಸುತ್ತಿ ಬಂತು.

ಅತ್ತ ಹೊಲದಲ್ಲಿ ಟ್ರೇಗಳಿಂದ ಕವುಚಿದ ಗಡ್ಡೆಗಳು ಒಂದರ ಹಿಂದೊಂದು ಸಾಲಾಗಿ ಕೂತಿದ್ದವು. ಕೀತ್ ಗುಂಡು ಹೊಡೆದ. ಮೊದಲೆರಡು ಗಡ್ಡೆಗಳು ಸಿಡಿದು ಪುಡಿಯಾಗಿ ಅವನ ಟೋಪಿಯ ಮೇಲೆಯೇ ಬಂದು ಬಿದ್ದವು. ಜೆಲಾಟಿನ್ ಹೀಗೆ ಮಾಡುವುದಿಲ್ಲವಲ್ಲ ಎಂದು ಅವನು ಹುಬ್ಬೇರಿಸಿದ. ಮೂರನೆಯದು ಗುಂಡನ್ನು ಹಿಡಿದಿತ್ತು. ಮಸುಕು ಗಡ್ಡೆಯೊಳಗೆ ಒಂದು ಕಪ್ಪು ಚುಕ್ಕೆ. ಡಿಸೆಂಬರಿನ ಕತ್ತಲು ಆಗಲೇ ಇಳಿಯುತ್ತಿತ್ತು. ಮನೆಯಲ್ಲಿ ದೀಪದಡಿ ಕುಳಿತು ನಿಧಾನವಾಗಿ ಕತ್ತರಿಸುತ್ತೇನೆ ಎಂದು ಮೋಹನ ಗೋಗರೆದ. ಸೋಮವಾರ ಗುಂಡು ನನ್ನ ಮೇಜಿನ ಮೇಲಿರಬೇಕು ಎಂದು ಕೀತ್ ಒಪ್ಪಿದ. ಉಳಿದೆರಡು ಗಡ್ಡೆಗಳನ್ನು ಮೋಹನ ಮತ್ತೆ ಟ್ರೇಗಿಟ್ಟು, ಪಕ್ಕದ ಸೀಟಿನಲ್ಲಿ ಕೂರಿಸಿ, ಸೀಟ್ ಬೆಲ್ಟ್ ಹಾಕಿ ಮನೆಗೆ ತಂದ.

ಬಾಗಿಲಲ್ಲಿ ಚಪ್ಪಲಿ, ಬೂಟುಗಳ ರಾಶಿ. ಒಳಗೆ ಅರ್ಧ ಕನ್ನಡ ಸಂಘ. ಏನೂ ಮಾಡಿಲ್ಲದೆ ಮರ್ಯಾದೆ ಹೋಗುವುದರಲ್ಲಿದ್ದ ಲೀಲಾವತಿ ಟ್ರೇಗಳನ್ನು ಕಂಡದ್ದೇ ಕಸಿದುಕೊಂಡು ಒಳಗೆ ಓಡಿದಳು. ಹಿಂದೆಯೇ ಓಡಬೇಕೆಂದಿದ್ದ ಮೋಹನನ ಕೈಯನ್ನು ರಾಮಮೂರ್ತಿಗಳು ಹಿಡಿದು ಯುಗಾದಿ ಕಾರ್ಯಕ್ರಮದ ಮಾತು ಶುರುಮಾಡಿದರು. ಕೈ ಬಿಡಿಸಿಕೊಂಡು ಹೋಗುವಷ್ಟರಲ್ಲಿ ಎರಡೂ ಗಡ್ಡೆಗಳು ತುಂಡುತುಂಡಾಗಿ, ಗುಲಾಬಿ ಶರಬತ್ತಿನಲ್ಲಿ ತೇಲುತ್ತ ಹಜಾರಕ್ಕೆ ಹೊರಟಿದ್ದವು.

"ಔತಣ ಇಟ್ಕೊಂಡು ಆಫೀಸಿನ ಪ್ರಯೋಗ ಅಂತ ಸುಳ್ಳು ಹೇಳಿದ್ರಾ?" ಲೀಲಾವತಿಯ ಮುಖ ಅರಳಿತ್ತು.

"ಅದರಲ್ಲಿ ಕಪ್ಪಗೆ ಒಂದು..."

"ಖರ್ಜೂರ ತಾನೆ? ಯಾರದೋ ಬೌಲ್‌ಗೆ ಹೋಯ್ತು."

ಕೂಗಿ ಹೇಳಿದರೆ ಗುಂಡಿನ ಗುಟ್ಟು ರಟ್ಟು. ಸುಮ್ಮನಿದ್ದರೆ ಯಾರ ಹಲ್ಲೋ. ಮೋಹನ ಬಡಿಸುವ ನೆಪದಲ್ಲಿ ಒಬ್ಬೊಬ್ಬರ ಬೌಲಿನೊಳಗೂ ಇಣುಕತೊಡಗಿದ. ಅಷ್ಟರಲ್ಲಿ ರಾಮಮೂರ್ತಿಗಳ ಚಮಚ ಟಣ್ ಎಂದಿತು. ಅವರು ಅದೇನೋ ಎತ್ತಿ ಕರವಸ್ತ್ರದಲ್ಲಿ ಒರೆಸಿದರು. ಎಲ್ಲರೂ ಮುಗಿಬಿದ್ದರು. ಬೆನ್ನುಗಳ ಗೋಡೆಯ ಹಿಂದೆ ಮೋಹನ ತುದಿಗಾಲಲ್ಲಿ ಕುಣಿದ, ಏನೂ ಕಾಣಲಿಲ್ಲ. ಮಸರ್ರತ್ ಮಾತ್ರ ಒಮ್ಮೆ ನೋಡಿದ್ದೇ, "ಆ ಬೌಲ್ ತಿನ್ಬೇಡಿ ಅಂಕಲ್, ನಾನು ಬೇರೆ ತಂದ್ಕೊಡ್ತೀನಿ" ಎಂದು ಕಿತ್ತುಕೊಂಡು, ಮೋಹನನತ್ತ ಒಂದು ನೋಟ ಬಿಟ್ಟರು.

"ನೋಡ್ರಪ್ಪಾ, ಇಲ್ಲಿಯವರು ಕ್ರಿಸ್‌ಮಸ್ ಪುಡಿಂಗ್ ಒಳಗೆ ನಾಣ್ಯ ಹಾಕ್ತಾರೆ" ಎಂದರು ರಾಮಮೂರ್ತಿಗಳು. "ಸಿಕ್ಕಿದವನಿಗೆ ವರ್ಷವೆಲ್ಲ ಅದೃಷ್ಟ. ನಮ್ಮ ಮೋಹನ ನಾಣ್ಯದ ಬದಲು ತಾಮ್ರದ ಹೂವನ್ನೇ ಹಾಕಿದಾನೆ."

"ಒಂದ್ಸಲ ಕೊಡಿ ಸಾರ್, ನೋಡಿ ಕೊಡ್ತೀನಿ."

"ಹಾಕಿದವನ ಕೈಗೆ ವಾಪಸ್ ಹೋದ್ರೆ ಅದೃಷ್ಟ ನಿಲ್ಲಲ್ಲ ಕಣಯ್ಯಾ."

ಹೂವು ಅವರ ಜೇಬು ಸೇರಿತು. ಅಲ್ಲಿಂದ ನೇರ ಅವರ ದೇವರ ಗೂಡಿಗಂತೆ. ಯುಗಾದಿಗೆ ಇಡೀ ಸಂಘಕ್ಕೆ ಇದೇ ಚೈನಾ ಗ್ರಾಸ್, ಮೋಹನನದೇ ಜವಾಬ್ದಾರಿ ಎಂದು ಘೋಷಿಸಿ ಅವರು ಹೊರಟರು.

ಮನೆ ಖಾಲಿಯಾಯಿತು. ಸೋಮವಾರ ಕೀತ್‌ಗೆ ಏನು ಹೇಳುವುದೆಂದು ಮೋಹನ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. ಲೀಲಾವತಿ ಪಕ್ಕದಲ್ಲಿ ಬಂದು ಕುಳಿತಳು. ಇಷ್ಟು ಅಕ್ಕರೆಯಿಂದ ಅವಳು ಮಾತಾಡಿಸಿ ಬಹಳ ಕಾಲವಾಗಿತ್ತು.

"ರೀ, ಆ ಹೂವು ಎಷ್ಟು ಚೆನ್ನಾಗಿತ್ತು. ಅಂಥದೇ ಎರಡು ಮಾಡಿಸ್ಕೊಡಿ, ಓಲೆಗೆ."

ಮೋಹನ ತಡೆಯಲಾರದೆ ಕೇಳಿದ. "ಎಷ್ಟು ಎಸಳಿತ್ತೇ?"

"ಮಾಡಿಸಿದೋರು ನೀವು" ಎಂದು ನಕ್ಕು ಲೀಲಾವತಿ ದೀಪ ಆರಿಸಿದಳು, "ನನ್ನ ಕೇಳ್ತೀರಲ್ಲ."